ಬಿಸಿಲು, ಗಾಳಿ, ನೀರು ಇಷ್ಟೊಂದಿರುವಾಗ ಕರ್ನಾಟಕ ಇನ್ನೂ ಕಲ್ಲಿದ್ದಲನ್ನು ಏಕೆ ಸುಡುತ್ತಿದೆ?

ನೀವು ಕೇಳಿರುವುದು ಎರಡು ಪ್ರಶ್ನೆಗಳು. ಪಾವಗಡದ ಸೋಲಾರ್ ಪಾರ್ಕ್, ಚಿತ್ರದುರ್ಗ ಮತ್ತು ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು, ಶರಾವತಿ ಮತ್ತು ಕಾಳಿ ನದಿಗಳ ಜಲವಿದ್ಯುತ್ ಎಲ್ಲವೂ ಇರುವ ರಾಜ್ಯ ರಾಯಚೂರು, ಬಳ್ಳಾರಿಗಳಲ್ಲಿ ಇನ್ನೂ ಕಲ್ಲಿದ್ದಲು ಸುಡುವುದೇಕೆ ಎಂಬುದು ಮೊದಲನೆಯದು. ಮನೆಯ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿಕೊಂಡರೆ ಅಷ್ಟು ಕಲ್ಲಿದ್ದಲು ನಿಜವಾಗಿಯೂ ಉಳಿಯುತ್ತದೆಯೇ ಎಂಬುದು ಎರಡನೆಯದು. ನಾನು ಉಷ್ಣ ವಿದ್ಯುತ್ ಸ್ಥಾವರವೊಂದರಲ್ಲಿ ಪಾಳಿ ಎಂಜಿನಿಯರಾಗಿ ದುಡಿದು ನಿವೃತ್ತನಾದವನು. ಆ ಕಾರಣಕ್ಕೆ ಕಲ್ಲಿದ್ದಲಿನ ಪರ ವಕಾಲತ್ತು ವಹಿಸುತ್ತೇನೆಂದು ತಿಳಿಯಬೇಡಿ; ಅದರ ಬೂದಿಯನ್ನು ನಿಮಗಿಂತ ಹೆಚ್ಚು ಉಸಿರಾಡಿದ್ದೇನೆ. ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ವರ್ಷದ ಒಟ್ಟು ಲೆಕ್ಕ ಹಾಕಿದರೆ ನಮಗೆ ಬಿಸಿಲು, ಗಾಳಿ, ನೀರಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ, ಆದರೆ ಬೇಕಾದ ಹೊತ್ತಿಗೆ ಅವು ಕೈಗೆ ಸಿಗುವುದಿಲ್ಲ. ಉಳಿದದ್ದೆಲ್ಲ ಇದರ ವಿವರಣೆ.

ಕರ್ನಾಟಕದಲ್ಲಿ ಕಲ್ಲಿದ್ದಲಿನ ಒಂದು ಗಣಿಯೂ ಇಲ್ಲ ಎಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಭಾರತದ ಕಲ್ಲಿದ್ದಲಿನ ಬಹುಪಾಲು ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ, ಗೊಂಡ್ವಾನಾ ಎಂಬ ಪುರಾತನ ಖಂಡದ ಜೌಗು ಕಾಡುಗಳು ಹೂಳಿನಡಿ ಹೂತುಹೋಗಿ, ಒತ್ತಡ ಮತ್ತು ಶಾಖದಿಂದ ಮಾಗಿ ಆದದ್ದು. ಅಂಥ ಹೂಳು ಶೇಖರವಾದದ್ದು ದಾಮೋದರ, ಮಹಾನದಿ, ಗೋದಾವರಿ ಕಣಿವೆಗಳ ತಗ್ಗುಗಳಲ್ಲಿ. ನಮ್ಮ ನೆಲದ ಬಹುಭಾಗದಲ್ಲಿರುವ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಅದು ರೂಪುಗೊಂಡಾಗ ಭೂಮಿಯ ಮೇಲೆ ಮರಗಿಡಗಳೇ ಇರಲಿಲ್ಲ. ಹೀಗಾಗಿ ನಮಗೆ ಚಿನ್ನ ಸಿಕ್ಕಿತು, ಕಬ್ಬಿಣದ ಅದಿರು ಸಿಕ್ಕಿತು, ಕಲ್ಲಿದ್ದಲು ಸಿಗಲಿಲ್ಲ. ಮೈಸೂರು ಸಂಸ್ಥಾನ ವಿದ್ಯುತ್ತಿಗಾಗಿ ನೀರಿನತ್ತ ಮುಖ ಮಾಡುವುದು ಅನಿವಾರ್ಯವಾಗಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆ ಆರಂಭವಾಗಿ, ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಮುಂದೆ 1948ರಲ್ಲಿ ಜೋಗ, 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮತ್ತು ಶರಾವತಿ ವಿದ್ಯುದಾಗಾರ. ರಾಜ್ಯದೊಳಗೆ ಉತ್ಪಾದನೆಯಾಗುತ್ತಿದ್ದುದು ಬಹುಮಟ್ಟಿಗೆ ಜಲವಿದ್ಯುತ್ತೇ ಆಗಿದ್ದ ಕಾಲ ಅದು. ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗಳಿಗೂ ಮನೆಗಳಿಗೂ ಕಡಿತ ಖಚಿತವಾಗಿತ್ತು. ಈ ಅವಲಂಬನೆಯಿಂದ ಬಿಡಿಸಿಕೊಳ್ಳಲೆಂದೇ ರಾಯಚೂರಿನ ಬಳಿ, ಕೃಷ್ಣೆಯ ದಡದ ಶಕ್ತಿನಗರದಲ್ಲಿ ಉಷ್ಣ ಸ್ಥಾವರ ಕಟ್ಟಲಾಯಿತು. ಅದರ ಮೊದಲ ಘಟಕ 1985ರಲ್ಲಿ ಚಾಲೂ ಆಯಿತು. ನದಿಯ ನೀರು, ರೈಲು ಮಾರ್ಗ ಮತ್ತು ತೆಲಂಗಾಣದ ಸಿಂಗರೇಣಿ ಗಣಿಗಳಿಗೆ ಇರುವ ಸಾಮೀಪ್ಯ, ಈ ಮೂರೂ ಆ ಜಾಗದಲ್ಲಿ ಕೂಡಿಬಂದಿದ್ದವು. ಇಂದು ಅಲ್ಲಿನ 8 ಘಟಕಗಳ ಸಾಮರ್ಥ್ಯ 1,720 ಮೆಗಾವ್ಯಾಟ್. ಬಳ್ಳಾರಿಯ ಕುಡಿತಿನಿಯಲ್ಲಿ 1,700, ರಾಯಚೂರಿನ ಬಳಿಯ ಯರಮರಸ್‌ನಲ್ಲಿ 1,600 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರಗಳು ಆಮೇಲೆ ಬಂದವು.

ಸ್ಥಾವರದ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಮುಂದಿನ ಮಾತು ಸುಲಭವಾಗಿ ಅರ್ಥವಾದೀತು. 210 ಮೆಗಾವ್ಯಾಟ್‌ನ ಒಂದು ಘಟಕ ಪೂರ್ಣ ಭಾರದಲ್ಲಿ, ಅಂದರೆ ತನ್ನ ಪೂರ್ತಿ ಸಾಮರ್ಥ್ಯದಲ್ಲಿ, ನಡೆದರೆ ದಿನಕ್ಕೆ ಸುಮಾರು 3,500 ಟನ್ ಕಲ್ಲಿದ್ದಲು ಬೇಕು, ಅಂದರೆ ಹೆಚ್ಚುಕಡಿಮೆ ಒಂದು ರೇಕ್, ಅರುವತ್ತರ ಹತ್ತಿರದ ವ್ಯಾಗನ್‌ಗಳ ಇಡೀ ಗೂಡ್ಸ್ ರೈಲು. ವ್ಯಾಗನ್ ಟಿಪ್ಲರ್ ಎಂಬ ಯಂತ್ರ ಒಂದೊಂದೇ ವ್ಯಾಗನ್ನನ್ನು ಹಿಡಿದು ಮಗುಚಿ ಕಲ್ಲಿದ್ದಲನ್ನು ಕೆಳಗಿನ ಹಾಪರ್‌ಗೆ ಸುರಿಯುತ್ತದೆ. ಅಲ್ಲಿಂದ ಪುಡಿ ಮಾಡುವ ಕ್ರಷರ್, ದಾಸ್ತಾನಿನ ತೊಟ್ಟಿಯಾದ ಬಂಕರ್, ಬಳಿಕ ನುಣ್ಣಗೆ ಅರೆಯುವ ಮಿಲ್. ಮಿಲ್ಲಿನಿಂದ ಹೊರಬರುವಾಗ ಅದು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾಗಿರುತ್ತದೆ. ಬಿಸಿ ಗಾಳಿ ಅದನ್ನು ಕುಲುಮೆಯೊಳಕ್ಕೆ ಊದುತ್ತದೆ. ಬಾಯ್ಲರ್‌ನಲ್ಲಿ 540 ಡಿಗ್ರಿ ಸೆಲ್ಸಿಯಸ್ ಹತ್ತಿರದ ಹಬೆ ತಯಾರಾಗಿ, ನಿಮಿಷಕ್ಕೆ 3,000 ಸುತ್ತು ತಿರುಗುವ ಟರ್ಬೈನ್‌ಗೆ ನುಗ್ಗುತ್ತದೆ. ಇಷ್ಟೆಲ್ಲ ಮಾಡಿಯೂ ಕಲ್ಲಿದ್ದಲಿನ ಶಾಖದಲ್ಲಿ ಶೇಕಡಾ 35ರ ಆಸುಪಾಸು ಮಾತ್ರ ವಿದ್ಯುತ್ತಾಗುತ್ತದೆ. ಉಳಿದದ್ದರ ದೊಡ್ಡ ಪಾಲು ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್ ಮತ್ತು ಕೂಲಿಂಗ್ ಟವರ್ ಮೂಲಕ ಆಕಾಶಕ್ಕೆ ಹೋಗುತ್ತದೆ, ಒಂದಷ್ಟು ಚಿಮಣಿಯಿಂದ ಹೊರಬೀಳುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸರಿಸುಮಾರು 700 ಗ್ರಾಂ ಕಲ್ಲಿದ್ದಲು ಸುಟ್ಟು, ಒಂದು ಕಿಲೋಗ್ರಾಂ ಹತ್ತಿರದಷ್ಟು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತೇವೆ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಮೂರನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೀಗಾಗಿ ಒಡಿಶಾದಿಂದ ಹೊರಟ ರೈಲು ಸಾವಿರ ಕಿಲೋಮೀಟರ್ ಎಳೆದು ತರುವ ಪ್ರತಿ ಮೂರು ವ್ಯಾಗನ್‌ಗಳಲ್ಲಿ ಒಂದು ಉರಿಯದ ಮಣ್ಣೇ. ಅದನ್ನು ಹೊಗೆಯಿಂದ ಬೂದಿ ಬೇರ್ಪಡಿಸುವ ಇಎಸ್‌ಪಿಯಲ್ಲಿ ಹಿಡಿದು, ಕೊಂಡೊಯ್ಯುವವರಿದ್ದರೆ ಸಿಮೆಂಟಿಗೂ ಇಟ್ಟಿಗೆಗೂ ಕೊಟ್ಟು, ಉಳಿದದ್ದನ್ನು ನೀರಿನಲ್ಲಿ ಕಲಸಿ ಬೂದಿ ಹೊಂಡಕ್ಕೆ ಪಂಪ್ ಮಾಡಬೇಕು. ಬೇಸಿಗೆಯಲ್ಲಿ ಆ ಹೊಂಡ ಒಣಗಿ ಗಾಳಿ ಎದ್ದರೆ ಸುತ್ತಲಿನ ಊರುಗಳ ಪಾಡು ಅಲ್ಲಿದ್ದವರಿಗೇ ಗೊತ್ತು. ಮಳೆಗಾಲದಲ್ಲಿ ಬೇರೆಯೇ ತಾಪತ್ರಯ: ನೆನೆದ ಕಲ್ಲಿದ್ದಲು ಜಿಗಟಾಗಿ ಬಂಕರಿನ ಬಾಯಿಗೆ ಕಚ್ಚಿಕೊಳ್ಳುತ್ತದೆ, ಮಿಲ್ಲಿಗೆ ಕಲ್ಲಿದ್ದಲು ಉಣಿಸುವ ಫೀಡರ್ ಬರಿದಾಗಿ ಓಡುತ್ತದೆ, ಕುಲುಮೆಯ ಜ್ವಾಲೆ ನಡುಗತೊಡಗುತ್ತದೆ. ಆಗ ಕೋಟಿಗಟ್ಟಲೆ ಬೆಲೆಯ ಸ್ಥಾವರವನ್ನು ಟ್ರಿಪ್ ಆಗಿ ತಟ್ಟನೆ ನಿಂತುಹೋಗದಂತೆ ಕಾಯುವವರು ಕಬ್ಬಿಣದ ಸಲಾಕೆಯಿಂದ ಬಂಕರಿಗೆ ತಿವಿಯುತ್ತ, ಸುತ್ತಿಗೆಯಿಂದ ಬಡಿಯುತ್ತ ನಿಂತ ಗುತ್ತಿಗೆ ಕಾರ್ಮಿಕರು.

ಇಂಥ ಕೊಳಕು, ದುಬಾರಿ ಸಾಗಣೆಯ ಇಂಧನವನ್ನು ಏಕೆ ಬಿಡಲಾಗುತ್ತಿಲ್ಲ ಎಂಬುದಕ್ಕೆ ಈಗ ಬರುತ್ತೇನೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ. ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಅದು ಏರುಮುಖದ ತುದಿಯಲ್ಲಿರುತ್ತದೆ, ಸಂಜೆ ಆರೂವರೆಗೆ ಸೊನ್ನೆ. ನಮ್ಮ ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ, ಫ್ಯಾನುಗಳೆಲ್ಲ ಒಟ್ಟಿಗೆ ಶುರುವಾಗುವುದು ಆ ಹೊತ್ತಿಗೇ. ಗಾಳಿಯ ಲೆಕ್ಕ ದಿನದ್ದಲ್ಲ, ಋತುವಿನದು. ನೈಋತ್ಯ ಮಾರುತ ಬೀಸುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದಗದ ಯಂತ್ರಗಳು ಬಿಡುವಿಲ್ಲದೆ ತಿರುಗುತ್ತವೆ. ಆ ತಿಂಗಳುಗಳಲ್ಲಿ ಮಳೆ ಬೀಳುವುದರಿಂದ ಪಂಪ್‌ಸೆಟ್‌ಗಳ ಬೇಡಿಕೆ ಕಡಿಮೆ, ಜಲಾಶಯಗಳಿಗೂ ಒಳಹರಿವು. ಬೇಡಿಕೆ ನೆತ್ತಿಗೇರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬೋರ್‌ವೆಲ್‌ಗಳೂ ಏಸಿಗಳೂ ಒಟ್ಟಿಗೆ ಓಡುವಾಗ. ಇತ್ತೀಚಿನ ಬೇಸಿಗೆಗಳಲ್ಲಿ ಅದು 17,000 ಮೆಗಾವ್ಯಾಟ್ ದಾಟಿದೆ. ಆಗ ಗಾಳಿ ಮಂದ, ಲಿಂಗನಮಕ್ಕಿಯ ನೀರು ಜೂನ್‌ವರೆಗೆ ಉಳಿಯಬೇಕು, ಸಂಜೆಯ ಹೊತ್ತಿಗೆ ಸೂರ್ಯನೂ ಮುಳುಗಿರುತ್ತಾನೆ. ಮಾರ್ಚ್ ತಿಂಗಳ ಸಂಜೆ ಏಳು ಗಂಟೆಯ ಈ ಕಂದಕವನ್ನು ತುಂಬುವುದಕ್ಕೆ ಸದ್ಯಕ್ಕೆ ಕಲ್ಲಿದ್ದಲಿನಷ್ಟು ಸಿದ್ಧವಾಗಿ ನಿಂತಿರುವ ಬೇರೆ ಮೂಲ ನಮ್ಮ ಕೈಯಲ್ಲಿಲ್ಲ. ಕೈಗಾದ ಅಣುಸ್ಥಾವರ ಹಗಲು ರಾತ್ರಿ ಸಮನಾಗಿ ನಡೆಯುತ್ತದೆ ನಿಜ, ಆದರೆ ಅದರ ಒಟ್ಟು ಸಾಮರ್ಥ್ಯ 880 ಮೆಗಾವ್ಯಾಟ್, ಅದರಲ್ಲೂ ಬೇರೆ ರಾಜ್ಯಗಳಿಗೆ ಪಾಲುಂಟು.

2023 ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಮುಂಗಾರು ವಿಫಲವಾಗಿ ಜಲಾಶಯಗಳು ತುಂಬಲಿಲ್ಲ. ಮಳೆಯಾಗಬೇಕಿದ್ದ ತಿಂಗಳುಗಳಲ್ಲೇ ರೈತರು ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್ ಹಚ್ಚಬೇಕಾಯಿತು. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ಇಲ್ಲಿನ ಗ್ರಿಡ್‌ಗೇ ಕೊಡಬೇಕೆಂದು ಆದೇಶಿಸಿತು. ಸೋಲಾರ್ ಸ್ಥಾಪನೆಯಲ್ಲಿ ದೇಶದ ಮುಂಚೂಣಿಯಲ್ಲಿದ್ದ ರಾಜ್ಯದ ಪರಿಸ್ಥಿತಿ ಇದು.

ಮಧ್ಯಾಹ್ನ ಸೋಲಾರ್ ಧಾರಾಳವಾಗಿರುವಾಗಲಾದರೂ ಉಷ್ಣ ಘಟಕಗಳನ್ನು ನಿಲ್ಲಿಸಿ ಸಂಜೆ ಮತ್ತೆ ಹಚ್ಚಬಹುದಲ್ಲ ಎಂದು ನೀವು ಕೇಳಬಹುದು. ನನ್ನನ್ನು ಅತಿ ಹೆಚ್ಚು ಜನ ಕೇಳಿರುವ ಪ್ರಶ್ನೆ ಅದೇ. ಶರಾವತಿಯ ಟರ್ಬೈನನ್ನು ಕೆಲವೇ ನಿಮಿಷಗಳಲ್ಲಿ ಗ್ರಿಡ್‌ಗೆ ಸೇರಿಸಬಹುದು. ತಣ್ಣಗಾದ ಬಾಯ್ಲರನ್ನು ಹಾಗೆ ಎಬ್ಬಿಸಲಾಗದು. ಮೊದಲು ಎಣ್ಣೆ ಸುಟ್ಟು ಲೈಟ್‌ಅಪ್ ಮಾಡಬೇಕು. ದಪ್ಪ ಉಕ್ಕಿನ ಡ್ರಮ್ಮು, ಪೈಪು, ಟರ್ಬೈನಿನ ಕವಚ ಎಲ್ಲವೂ ಒಂದೇ ಹದದಲ್ಲಿ ಹಿಗ್ಗುವವರೆಗೆ ಕಾಯಬೇಕು. ಅವಸರ ಮಾಡಿದರೆ ಲೋಹ ಬಿರುಕು ಬಿಡುತ್ತದೆ. ಪೂರ್ಣ ಭಾರ ಮುಟ್ಟುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಆದುದರಿಂದ ಸಂಜೆ ಬೇಕಾಗುವ ಘಟಕ ಮಧ್ಯಾಹ್ನವೂ ಉರಿಯುತ್ತಲೇ ಇರಬೇಕು, ಕಡಿಮೆ ಭಾರದಲ್ಲಿ. ಯಾವ ಸ್ಥಾವರ ಎಷ್ಟು ಉತ್ಪಾದಿಸಬೇಕೆಂದು ಹೇಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಬ್ಯಾಕ್‌ಡೌನ್ ಸೂಚನೆ ಬರುತ್ತದೆ. ನಾವು ಒಂದೊಂದೇ ಮಿಲ್ ನಿಲ್ಲಿಸಿ ಭಾರ ಇಳಿಸುತ್ತೇವೆ. ತೀರ ಕೆಳಗಿಳಿದರೆ ಜ್ವಾಲೆ ಅಸ್ಥಿರವಾಗಿ ಮತ್ತೆ ಎಣ್ಣೆಯ ಆಸರೆ ಬೇಕಾಗುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರ ನಿಯಮಗಳಲ್ಲಿ ಘಟಕಗಳು ತಮ್ಮ ಸಾಮರ್ಥ್ಯದ ಶೇಕಡಾ 55ರವರೆಗೆ, ಮುಂದೆ ಹಂತಹಂತವಾಗಿ 40ರವರೆಗೆ ಇಳಿದು ನಡೆಯಬಲ್ಲಂತಾಗಬೇಕು ಎಂದಿದೆ. ಕಡಿಮೆ ಭಾರದಲ್ಲಿ ಪ್ರತಿ ಯೂನಿಟ್ಟಿಗೆ ತಗಲುವ ಕಲ್ಲಿದ್ದಲು ಹೆಚ್ಚು, ನಿತ್ಯದ ಏರಿಳಿತದಿಂದ ಬಾಯ್ಲರ್ ಟ್ಯೂಬುಗಳು ಸೋರುವುದೂ ಹೆಚ್ಚು. ನನ್ನ ವೃತ್ತಿಯ ಆರಂಭದಲ್ಲಿ, ಸದಾ ಪೂರ್ಣ ಭಾರದಲ್ಲಿ ನಡೆಯುವ ಘಟಕವೇ ಒಳ್ಳೆಯ ಘಟಕ ಎಂದು ಕಲಿಸಿದ್ದರು. ನಿವೃತ್ತಿಯ ಹೊತ್ತಿಗೆ ಬಾಗಬಲ್ಲ ಘಟಕಕ್ಕೆ ಬೆಲೆ ಬಂದಿತ್ತು.

ಹಾಗಾದರೆ ಕಲ್ಲಿದ್ದಲನ್ನು ಕಡಿಮೆ ಮಾಡುವ ದಾರಿ ಯಾವುದು? ನನ್ನ ಅಭಿಪ್ರಾಯದಲ್ಲಿ ಇದುವರೆಗಿನ ಅತ್ಯುತ್ತಮ ಕೆಲಸ ಯಾವ ಹೊಸ ಯಂತ್ರವೂ ಮಾಡಿದ್ದಲ್ಲ. ನೀರಾವರಿ ಫೀಡರ್‌ಗಳ ತ್ರೀಫೇಸ್ ಪೂರೈಕೆಯನ್ನು ರಾತ್ರಿಯಿಂದ ಹಗಲಿಗೆ ತಂದದ್ದು. ನಡುರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ, ಹಾವು ಚೇಳಿನ ನಡುವೆ ಮೋಟಾರು ಹಚ್ಚುತ್ತಿದ್ದ ರೈತನಿಗೂ ಅದು ಒಳ್ಳೆಯದಾಯಿತು, ಮಧ್ಯಾಹ್ನದ ಸೋಲಾರ್‌ಗೂ ಗಿರಾಕಿ ಸಿಕ್ಕಂತಾಯಿತು. ಎರಡನೆಯ ದಾರಿ ಶೇಖರಣೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಸಂಜೆ ಕೆಳಗೆ ಬಿಡುವ ಪಂಪ್ಡ್ ಸ್ಟೋರೇಜ್‌ನಲ್ಲಿ, ಹಾಕಿದ ವಿದ್ಯುತ್ತಿನ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಹಿಂದಿರುಗುತ್ತದೆ. ಶರಾವತಿ ಕಣಿವೆಯ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಅಂಥ ಯೋಜನೆಯನ್ನು ರೂಪಿಸಲಾಗಿದೆ. ಎಂಜಿನಿಯರಾಗಿ ನೋಡಿದರೆ ಎರಡೂ ಜಲಾಶಯಗಳು ಮೊದಲೇ ಇರುವ ಇಂಥ ಜಾಗ ಅಪರೂಪ. ಆದರೆ ಅದು ಸಿಂಗಳೀಕಗಳ ಅಭಯಾರಣ್ಯ, ಮಳೆಗಾಲದಲ್ಲಿ ಗುಡ್ಡ ಜರಿಯುವ ಕಣಿವೆ. ಲಿಂಗನಮಕ್ಕಿಯ ಮುಳುಗಡೆಯಲ್ಲಿ ಮನೆಮಠ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿರುವ ಸೀಮೆ. ಆ ಕಣಿವೆ ರಾಜ್ಯಕ್ಕೆ ಕೊಡಬೇಕಾದ್ದನ್ನು ಕೊಟ್ಟಾಗಿದೆ ಎಂದೇ ನನ್ನ ನಿಲುವು. ನದಿಯಿಂದ ದೂರದ ಬರಡು ಗುಡ್ಡಗಳಲ್ಲಿ ಕಟ್ಟುವ ಶೇಖರಣಾ ಘಟಕಗಳೂ, ಬೆಲೆ ಇಳಿಯುತ್ತಿರುವ ಬ್ಯಾಟರಿಗಳೂ ಇರುವಾಗ ಅವಸರಪಟ್ಟು ಅಲ್ಲಿಗೇ ಹೋಗಬೇಕಿಲ್ಲ.

ನಿಸರ್ಗದಿಂದ ಬಂದದ್ದೆಲ್ಲ ನಿರಪಾಯ ಎಂದು ನಿಮ್ಮ ಪ್ರಶ್ನೆಯ ಧಾಟಿ ಸೂಚಿಸುವುದರಿಂದ ಇನ್ನೊಂದು ವಿಷಯ ಹೇಳಬೇಕು. ಪಾವಗಡದಲ್ಲಿ ಜಮೀನನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಕಾಲಕಾಲಕ್ಕೆ ಏರುವ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮ. ಆದರೆ ಗುತ್ತಿಗೆ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಮಾತ್ರ ಸಿಕ್ಕಿತು.   

ಕೊನೆಗೆ ನಿಮ್ಮ ಮಾಳಿಗೆಯ ವಿಷಯ. 3 ಕಿಲೋವ್ಯಾಟ್‌ನ ಘಟಕ ದಿನಕ್ಕೆ ಸರಾಸರಿ 12 ಯೂನಿಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಅದು ಎಂಟು ಕಿಲೋಗ್ರಾಂಗಿಂತ ತುಸು ಹೆಚ್ಚು ಕಲ್ಲಿದ್ದಲಿಗೆ ಸಮ, ವರ್ಷಕ್ಕೆ ಸುಮಾರು 3 ಟನ್. ಮೇಲೆ ಹೇಳಿದ 210 ಮೆಗಾವ್ಯಾಟ್ ಘಟಕ ಅಷ್ಟನ್ನು ಒಂದೂಕಾಲು ನಿಮಿಷದಲ್ಲಿ ನುಂಗುತ್ತದೆ. ನಿರಾಶರಾಗಬೇಡಿ, ಒಂದು ಲಕ್ಷ ಮನೆಗಳು ಸೇರಿದರೆ ಆ ಘಟಕದ ಕಾಲು ಭಾಗದಷ್ಟು ಕಲ್ಲಿದ್ದಲಿನ ಲೆಕ್ಕವಾಗುತ್ತದೆ. ಆದರೆ ಉಳಿತಾಯ ನಿಜವಾಗಬೇಕಾದರೆ ಸಂಪಿನ ಮೋಟಾರು, ವಾಷಿಂಗ್ ಮೆಷಿನ್, ಗ್ರೈಂಡರ್‌ಗಳನ್ನು ಬೆಳಿಗ್ಗೆ ಹತ್ತರಿಂದ ಮೂರರೊಳಗೆ ಓಡಿಸಿ, ಸಂಜೆಯ ಬಳಕೆಯನ್ನು ಇಳಿಸಿ. ಸ್ನಾನದ ನೀರಿಗೆ ಕರೆಂಟಿನ ಗೀಸರ್ ಇದ್ದರೆ ಫಲಕಕ್ಕಿಂತ ಮೊದಲು ಸೋಲಾರ್ ವಾಟರ್ ಹೀಟರ್ ಹಾಕಿಸಿ. ನಿನ್ನೆಯ ಬಿಸಿಲನ್ನು ಇಂದಿನ ಬೆಳಗಿಗೆ ಕಾದಿಡುವ, ಅಗ್ಗದ ಶೇಖರಣೆ ಅದೇ. ಫಲಕಗಳಿಗೆ ಕೇಂದ್ರದ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಘೋಷಣೆಯಾಗಿದೆ. ಈಗಿನ ಷರತ್ತುಗಳನ್ನು ನಿಮ್ಮ ಎಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ಒಂದು ಎಚ್ಚರಿಕೆ: ಬ್ಯಾಟರಿಯಿಲ್ಲದೆ ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಲೈನಿನಲ್ಲಿ ಕರೆಂಟು ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ತಗಲಬಾರದೆಂದು ಮಾಡಿರುವ ವ್ಯವಸ್ಥೆ ಅದು. ಕರೆಂಟು ಹೋದಾಗಲೂ ದೀಪ ಉರಿಯಬೇಕೆಂಬುದು ನಿಮ್ಮ ಉದ್ದೇಶವಾಗಿದ್ದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಸೇರಿಸಿ ದರಪಟ್ಟಿ ಕೇಳಿ.