ಉಳಿದಿರುವುದು ಒಂದೇ ಜಾಗ: ರಿವಾಲ್ವರೋ, ಪಿಸ್ತೂಲೋ?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮದು ಕಾಫಿ ತೋಟ. ಅಪ್ಪನ 12 ಬೋರಿನ ಜೋಡಿ ನಳಿಗೆ ಕೋವಿ ಈಗ ನನ್ನ ಲೈಸೆನ್ಸಿನಲ್ಲಿದೆ. ಸಂಗ್ರಹಕ್ಕೆ ಇನ್ನೊಂದು, ಚಿಕ್ಕದು, ಸೇರಿಸುವ ಆಸೆ. ಅಶನಿ ಪಿಸ್ತೂಲ್, ನಿರ್ಭೀಕ್ ಮತ್ತು ಪ್ರಬಲ್ ರಿವಾಲ್ವರ್, ಮೂರರ ಮೇಲೂ ಕಣ್ಣಿದೆ. ಮೈಸೂರಿನ ಪರಿಚಯದವರೊಬ್ಬರು ಹಳೆಯ ವೆಬ್ಲಿ ರಿವಾಲ್ವರ್ ಮಾರುತ್ತಾರಂತೆ. ಪಕ್ಕದ ತೋಟದ ಕೊಡವ ಗೆಳೆಯ, ‘ಲೈಸೆನ್ಸ್ ಯಾಕೆ?’ ಅನ್ನುತ್ತಾನೆ. ಯಾವುದು ತಗೊಳ್ಳಲಿ?

ಉತ್ತರ: ಮೊದಲು ಗೆಳೆಯನ ಮಾತು. ಅವರ ಮಟ್ಟಿಗೆ ಅದು ಸರಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ನೀವು ಲೈಸೆನ್ಸ್ ಮೇಲೆ ಕೋವಿ ಇಟ್ಟುಕೊಂಡವರು. ಅವರ ಲೆಕ್ಕ ನಿಮಗೆ ಬರುವುದಿಲ್ಲ.

ನಿಮ್ಮ ಲೆಕ್ಕ ಹೀಗೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರ ಲೈಸೆನ್ಸಿನಲ್ಲಿ ಎರಡೇ ಬಂದೂಕು. ಮೊದಲು ಮೂರಿತ್ತು. ಅಪ್ಪನ ಕೋವಿ ಒಂದು ಜಾಗ ಹಿಡಿದಿದೆ, ಉಳಿದದ್ದು ಇನ್ನೊಂದೇ. ಆದ್ದರಿಂದ ‘ಸಂಗ್ರಹ’ ಅನ್ನುವ ಮಾತನ್ನು ಪಕ್ಕಕ್ಕಿಟ್ಟು, ಇಪ್ಪತ್ತು ವರ್ಷ ಜೊತೆಗಿರುವುದು ಯಾವುದು ಅಂತ ಯೋಚಿಸಿ. ಬರೀ ನೋಡಿ ಖುಷಿಪಡುವ ಆಸೆಯಾದರೆ ಕ್ಯೂರಿಯೋ ವರ್ಗದ ಹಳೆಯ ಬಂದೂಕುಗಳಿವೆ. 2020ರ ಆದೇಶದ ಪ್ರಕಾರ ಅವನ್ನು ಮನೆಯಲ್ಲಿಟ್ಟುಕೊಳ್ಳಲು ಲೈಸೆನ್ಸ್ ಬೇಡ. ಬಳಸಲು, ಸಾಗಿಸಲು ಬೇಕು.

ವೆಬ್ಲಿ ವಿಷಯದಲ್ಲಿ ದುಡ್ಡಿನ ಮಾತಿಗಿಂತ ಮೊದಲು ಅದರ ಬೋರ್ (ನಳಿಗೆಯ ಒಳ ಅಳತೆ) ನೋಡಿ. .32 ಇದ್ದರೆ ಸರಿ. ಸೇನೆಗೆಂದು ಮಾಡಿದ ವೆಬ್ಲಿಗಳಲ್ಲಿ .380, .455 ಇರುತ್ತವೆ. ಅವು ನಾಗರಿಕರಿಗೆ ನಿಷೇಧಿತ ಬೋರ್, ಸೇನೆಯ 9 ಎಂಎಂ ಪಿಸ್ತೂಲಿನ ಹಾಗೆಯೇ. ಎಷ್ಟೇ ಚಂದ ಇರಲಿ, ಮುಟ್ಟಬೇಡಿ. .32 ಅಂತ ಖಾತ್ರಿಯಾದರೆ, ಖಾಲಿ ಇದೆಯೆಂದು ನೀವೇ ಕಣ್ಣಾರೆ ನೋಡಿ, ಟ್ರಿಗರ್ ಒತ್ತಿಹಿಡಿದು ಗುಂಡು ತುಂಬುವ ಸಿಲಿಂಡರ್ ಅಲ್ಲಾಡಿಸಿ. ಲೊಡಲೊಡ ಅಂದರೆ ಬೇಡ. ಈ ವೆಬ್ಲಿಗಳು ಮಧ್ಯದಲ್ಲಿ ಮಡಚಿ ತೆರೆದುಕೊಳ್ಳುವಂಥವು. ಮೇಲಿನ ಕೊಂಡಿ ಸಡಿಲಾಗಿದ್ದರೂ ಬೇಡ. ವಿದೇಶಿ ಕೈಬಂದೂಕುಗಳ ಆಮದು ನಿಂತು ದಶಕಗಳಾದವು. ಅದಕ್ಕೇ ಹಳೆಯವಕ್ಕೆ ಬೆಲೆ ಜಾಸ್ತಿ. ಗುಣಕ್ಕಿಂತ ಹೆಸರಿಗೇ ದುಡ್ಡು ಜಾಸ್ತಿ ಅಂತ ನನ್ನ ಅನಿಸಿಕೆ. ಅಲ್ಲದೆ ಕಾನ್ಪುರದ ಸರ್ಕಾರಿ ಫ್ಯಾಕ್ಟರಿಯ .32 ರಿವಾಲ್ವರ್ ಹುಟ್ಟಿದ್ದೂ ವೆಬ್ಲಿ ಮಾದರಿಯಿಂದಲೇ.

ಇನ್ನು ಅಶನಿ. ಚಪ್ಪಟೆಯಾಗಿದೆ, ಗುಂಡು ಜಾಸ್ತಿ ಹಿಡಿಯುತ್ತದೆ, ಕೈಗೆ ಚೆನ್ನಾಗಿ ಕೂರುತ್ತದೆ. ಆದರೆ ಪಿಸ್ತೂಲಿಗೆ ಆಗಾಗ ಹೊಡೆದು ಅಭ್ಯಾಸ ಬೇಕು, ಮ್ಯಾಗಜಿನ್ ಶುದ್ಧವಾಗಿರಬೇಕು. ತೋಟಾ (ಕಾಡತೂಸು) ಕೈಕೊಟ್ಟರೆ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆದು ಅದನ್ನು ಹೊರಹಾಕಬೇಕು. ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಒತ್ತಿದರಾಯಿತು, ಮುಂದಿನ ಗುಂಡು ಬರುತ್ತದೆ. ಇನ್ನೊಂದು ಮಾತು: ಎರಡಕ್ಕೂ ‘.32’ ಅಂತಾರೆ, ಆದರೆ ತೋಟಾ ಬೇರೆ ಬೇರೆ. ಪಿಸ್ತೂಲಿನದು .32 ಎಸಿಪಿ, ರಿವಾಲ್ವರಿನದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಅಂಗಡಿಯಲ್ಲಿ ಸುಮ್ನೆ ‘ಮೂವತ್ತೆರಡು ಕೊಡಿ’ ಅನ್ನಬೇಡಿ.

ವರ್ಷದಲ್ಲಿ ಒಂದೆರಡು ಸಲ ಹೊಡೆಯುವವರಾದರೆ ನಿಮಗೆ ರಿವಾಲ್ವರೇ ಸರಿ. ನಿರ್ಭೀಕ್ 2014ರಲ್ಲಿ ಬಂದದ್ದು, ಟೈಟಾನಿಯಂ ಮಿಶ್ರಲೋಹದ ಅರ್ಧ ಕಿಲೋ ಬಂದೂಕು. ಹೆಂಗಸರ ಕೈಚೀಲಕ್ಕೆಂದು ಮಾಡಿದ್ದು. ಹಗುರ ಇದ್ದಷ್ಟೂ ಕೈಯಲ್ಲಿ ಜಿಗಿತ ಜಾಸ್ತಿ. ದಿನವೂ ಹೊತ್ತು ತಿರುಗದವರಿಗೆ ಆ ಹಗುರದಿಂದ ಏನು ಲಾಭ? 2023ರ ಪ್ರಬಲ್ ಸುಮಾರು 700 ಗ್ರಾಂ ತೂಗುತ್ತದೆ. 76 ಎಂಎಂ ನಳಿಗೆ, ಸಿಲಿಂಡರ್ ಪಕ್ಕಕ್ಕೆ ಹೊರಬರುತ್ತದೆ. ಬಂದೂಕನ್ನು ಮಡಚದೆಯೇ ತೋಟಾ ತುಂಬಬಹುದು, ಖಾಲಿ ಇದೆಯಾ ಅಂತಲೂ ನೋಡಬಹುದು. ನನ್ನ ಓಟು ಇದಕ್ಕೇ.

ಆದರೆ ಮುಂಗಡ ಕೊಡುವ ಮೊದಲು ಮಡಿಕೇರಿಯ ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಿ. ಬೆಳೆ ರಕ್ಷಣೆಗೆಂದು ಸಿಕ್ಕ ಲೈಸೆನ್ಸಾದರೆ ಅದರ ಮೇಲೆ ರಿವಾಲ್ವರ್ ಸಿಗುವುದಿಲ್ಲ, ಬೇರೆ ಕಾರಣ ತೋರಿಸಬೇಕು. ಮನೆಗೆ ಬಂದಮೇಲೆ ಚರ್ಮದ ಚೀಲದೊಳಗಿಟ್ಟು ಬೀರುವಿಗೆ ತಳ್ಳಬೇಡಿ. ನಮ್ಮ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿದರೆ ಒಳಗಿನ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಬೀಗವಿರುವ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸುವುದು. ತೋಟಾ ಬೇರೆ ಪೆಟ್ಟಿಗೆಯಲ್ಲಿರಲಿ.