ರಿಪೀಟರ್ ಸರಿಯಾಗಿ ಕೇಳುತ್ತಿಲ್ಲವೇ? ಆಂಟೆನಾ ಬದಲಿಸುವ ಮೊದಲು ಕೇಬಲ್ ನೋಡಿ

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮದು ಹೆಂಚಿನ ಮನೆ, ಸುತ್ತ ಅಡಿಕೆ ತೋಟ. 5 ವಾಟ್ ಹ್ಯಾಂಡಿಗೆ (ಕೈಯಲ್ಲಿ ಹಿಡಿಯುವ ಹ್ಯಾಮ್ ರೇಡಿಯೋ) ಮನೆಯಲ್ಲೇ ಮಾಡಿದ ಗ್ರೌಂಡ್ ಪ್ಲೇನ್ ಆಂಟೆನಾ (ನಡುವೆ ನೆಟ್ಟಗೆ ಒಂದು ಕಡ್ಡಿ, ಬುಡದಲ್ಲಿ ಸುತ್ತ ನಾಲ್ಕು) ಹಾಕಿ 25 ಮೀಟರ್ ಆರ್‌ಜಿ-58 ಕೇಬಲ್ ಎಳೆದಿದ್ದೇನೆ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸಾಗುತ್ತದೆ ಎಂಬುದರ ಅಳತೆ; 1 ಇದ್ದರೆ ಏನೂ ವಾಪಸಿಲ್ಲ) 1.4 ತೋರಿಸುತ್ತದೆ. ಆದರೂ 40 ಕಿ.ಮೀ. ಆಚೆಯ ಗುಡ್ಡದ ಮೇಲಿನ 2 ಮೀಟರ್ ರಿಪೀಟರ್ (145 ಮೆಗಾಹರ್ಟ್ಸ್ ಆಸುಪಾಸಿನ ಸಿಗ್ನಲ್ಲನ್ನು ಹಿಡಿದು ಮರಳಿ ಬಿತ್ತರಿಸುವ ಕೇಂದ್ರ) ಬರೀ ಕರಕರ ಎನ್ನುತ್ತದೆ. ಮಳೆಗಾಲದಲ್ಲಿ ಅದೂ ಇಲ್ಲ. ಹೆಚ್ಚು ಗೇನಿನ (ಸಿಗ್ನಲ್ಲನ್ನು ಇನ್ನೂ ಬಲವಾಗಿ ಹಿಡಿಯುವ) ಆಂಟೆನಾ ಕೊಳ್ಳಲೇ?

ಉತ್ತರ: ಈಗಲೇ ಬೇಡ. ನಿಮ್ಮ ಆಂಟೆನಾ ಹಿಡಿದದ್ದರಲ್ಲಿ ಮೂರರಲ್ಲಿ ಎರಡು ಪಾಲನ್ನು ಕೇಬಲ್ಲೇ ನುಂಗುತ್ತಿದೆ. 145 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಕೇಬಲ್ 100 ಮೀಟರಿಗೆ 17ರಿಂದ 20 ಡೆಸಿಬೆಲ್ ನಷ್ಟ ಮಾಡುತ್ತದೆ (3 ಡೆಸಿಬೆಲ್ ಕಳೆದರೆ ಶಕ್ತಿ ಅರ್ಧಕ್ಕೆ ಇಳಿದಂತೆ). 25 ಮೀಟರಿಗೆ ಹತ್ತಿರ ಹತ್ತಿರ 5 ಡೆಸಿಬೆಲ್. ನೀವು ಕಳಿಸುವ 5 ವಾಟ್‌ನಲ್ಲಿ ಮೇಲೆ ಮುಟ್ಟುವುದು ಒಂದೂವರೆ ವಾಟ್ ಚಿಲ್ಲರೆ.

1.4 ಎಂಬ ಆ ಅಂಕಿಯನ್ನೂ ನಂಬಬೇಡಿ. ಆಂಟೆನಾದಿಂದ ವಾಪಸಾಗುವ ಶಕ್ತಿಯೂ ಅದೇ ಕೇಬಲ್ಲಿನಲ್ಲಿ ಮತ್ತೆ 5 ಡೆಸಿಬೆಲ್ ಕಳೆದುಕೊಂಡು ಬರುವುದರಿಂದ ಕೆಳಗೆ ಕೂತ ಮೀಟರಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನ್ಯಾನೋವಿಎನ್ಎ (ಆಂಟೆನಾ, ಕೇಬಲ್ ಅಳೆಯುವ ಪುಟ್ಟ ಉಪಕರಣ) ಸಿಕ್ಕರೆ ಮೇಲಿನ ತುದಿಯಲ್ಲಿ ಆಂಟೆನಾವನ್ನೇ ಬಿಚ್ಚಿಟ್ಟು ಕೇಬಲ್ಲಿನ ಕೆಳತುದಿಯಿಂದ ಅಳೆದು ನೋಡಿ: ಆಗಲೂ ಎಸ್‌ಡಬ್ಲ್ಯುಆರ್ 2ರ ಆಸುಪಾಸಿನಲ್ಲೇ ಇರುತ್ತದೆ! (ಈ ಪರೀಕ್ಷೆಯನ್ನು ಹ್ಯಾಂಡಿಯಿಂದ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ ಮಾಡಬೇಡಿ, ಅದರ ಕೊನೆಯ ಟ್ರಾನ್ಸಿಸ್ಟರ್‌ಗೆ ಪೆಟ್ಟು ಬೀಳಬಹುದು.) ಆಂಟೆನಾವನ್ನು ಅಳೆಯಬೇಕಾದರೆ ಅದರ ಬುಡದಲ್ಲೇ, ಒಂದು ಗಜದ ಕೇಬಲ್ ಇಟ್ಟು ಅಳೆಯಬೇಕು.

ಕೇಬಲ್ಲಿಗೆ ಮೂರು ದಾರಿಗಳಿವೆ. ಆರ್‌ಜಿ-213 ಹಾಕಿದರೆ 25 ಮೀಟರಿಗೆ ನಷ್ಟ ಎರಡು ಡೆಸಿಬೆಲ್ಲಿಗೆ ಸ್ವಲ್ಪ ಮೇಲೆ, ಎಲ್‌ಎಂಆರ್-400 ಹಾಕಿದರೆ ಒಂದೂಕಾಲು. ಎರಡೂ ದುಬಾರಿ, ದಪ್ಪ. ಮೂರನೆಯದು ಡಿಶ್ ಟಿವಿಯವರು ಎಳೆಯುವ ಒಳ್ಳೆಯ ಆರ್‌ಜಿ-6. ಇದು 75 ಓಮ್ ಕೇಬಲ್, ರೇಡಿಯೋ ಮತ್ತು ಆಂಟೆನಾ 50 ಓಮ್; ಹಾಗಾಗಿ ಹಲವರು ಮೂಗು ಮುರಿಯುತ್ತಾರೆ. ಆದರೆ ಆ ಹೊಂದಾಣಿಕೆಯ ತಪ್ಪಿನಿಂದ ಆಗುವ ನಷ್ಟ ಕಾಲು ಡೆಸಿಬೆಲ್ಲೂ ಇಲ್ಲ, ಕೇಬಲ್ಲಿನ ನಷ್ಟವೋ ಆರ್‌ಜಿ-213ರಷ್ಟೇ. ಒಂದೇ ತೊಡಕು: ಅದರ ಹೆಣಿಗೆ (ಹೊರಗವಚದಡಿಯ ತಂತಿಬಲೆ) ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಡಿಶ್ ಕೇಬಲ್ಲಿನ ತುದಿಗೆ ಹಾಕುವ ಎಫ್ ಕನೆಕ್ಟರನ್ನು ಕ್ರಿಂಪ್ ಮಾಡಿಸಿ (ಒತ್ತಿ ಕೂರಿಸಿ) ಅಡಾಪ್ಟರ್ ಹಾಕಿಕೊಳ್ಳಿ. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ರೇಡಿಯೋ ಇಡುವ ಕೋಣೆಯನ್ನೇ ಕಂಬದ ಹತ್ತಿರಕ್ಕೆ ಬದಲಿಸಿ 25 ಮೀಟರನ್ನು 12ಕ್ಕೆ ಇಳಿಸುವುದು.

ಮಳೆಗಾಲದ ಕಥೆ ಬೇರೆ. ಅಲ್ಲಿ ಎರಡು ಸಂಗತಿ ಸೇರಿಕೊಂಡಿವೆ. ಒದ್ದೆಯಾದ ಅಡಿಕೆ ಸೋಗೆ ಸಿಗ್ನಲ್ಲನ್ನು ಹೀರುತ್ತದೆ. ಆಂಟೆನಾ ಮರದ ತಲೆಗಿಂತ ಮೇಲೇರಬೇಕು, ಆಗದಿದ್ದರೆ ಗುಡ್ಡದ ದಿಕ್ಕಿಗೆ ತೆರೆದಿರುವ ಅಂಗಳದ ಬದಿಗೆ ಬರಬೇಕು. ಹೆಂಚಿನ ಅಡಿ ಅಟ್ಟದಲ್ಲಿ ಇಟ್ಟರೆ ನೆನೆದ ಹೆಂಚಿನದೂ ಅದೇ ಕಾಟ.

ಇನ್ನೊಂದು ಸಂಗತಿ ಕನೆಕ್ಟರಿನೊಳಗೆ ಇಳಿದ ನೀರು. ಕೇಬಲ್ಲಿನ ತುದಿಗೆ ಸಾಮಾನ್ಯವಾಗಿ ಹಾಕುವ ಪಿಎಲ್-259 ಕನೆಕ್ಟರ್ ನೀರು ತಡೆಯಲೆಂದು ಮಾಡಿದ್ದಲ್ಲ. ಒಮ್ಮೆ ಒಳಗೆ ಹೋದ ನೀರು ದೀಪದ ಬತ್ತಿಗೆ ಎಣ್ಣೆ ಏರುವಂತೆ ಹೆಣಿಗೆಯುದ್ದಕ್ಕೂ ಹರಿಯುತ್ತದೆ. ಹೊರಗವಚವನ್ನು ಸ್ವಲ್ಪ ಸೀಳಿ ನೋಡಿ. ತಾಮ್ರ ಹೊಳೆಯುತ್ತಿದ್ದರೆ ಸರಿ, ಕಪ್ಪು ಅಥವಾ ಹಸಿರಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಿ. ಹೊಸ ಕನೆಕ್ಟರಿನ ಮೇಲೆ ಮೊದಲು ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಪಿವಿಸಿ ಟೇಪು. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಲಿ, ಮಾಡಿಗೆ ಹೆಂಚು ಹೊದಿಸುವ ಕ್ರಮದಲ್ಲಿ. ಆಗ ನೀರು ಮಡಿಕೆಯೊಳಗೆ ನುಗ್ಗದೆ ಜಾರಿ ಹೋಗುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಬಳಸಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕೇಬಲ್ ಕಿಟಕಿಯೊಳಗೆ ಬರುವ ಮೊದಲು ಅರ್ಧ ಅಡಿ ಕೆಳಕ್ಕೆ ಜೋಲಿ ಬಿಡಿ, ನೀರು ಒಳಗೆ ಬಾರದೆ ಅಲ್ಲೇ ತೊಟ್ಟಿಕ್ಕುತ್ತದೆ.

ನಿಮ್ಮ ಗ್ರೌಂಡ್ ಪ್ಲೇನಿನ ಅಳತೆ ಒಮ್ಮೆ ತಾಳೆ ನೋಡಿ. ನಡುವಿನ ಕಡ್ಡಿ 49 ಸೆಂ.ಮೀ., ಕೆಳಗಿನ ನಾಲ್ಕು ಕಡ್ಡಿ ತಲಾ 52 ಸೆಂ.ಮೀ., ಅವು 45 ಡಿಗ್ರಿ ಕೆಳಕ್ಕೆ ಬಾಗಿರಲಿ. ಬಾಗಿಸದೆ ಅಡ್ಡಕ್ಕೇ ಬಿಟ್ಟರೆ 50 ಓಮ್ ಸಿಗದು. ನಡುವಿನ ಕಡ್ಡಿಯನ್ನು ಮೊದಲು 51ಕ್ಕೆ ಕತ್ತರಿಸಿ, 3 ಮಿ.ಮೀ. ನಂತೆ ಕಡಿಮೆ ಮಾಡುತ್ತಾ ಬನ್ನಿ: ಪ್ರತಿ ಸಲ ಆಂಟೆನಾ ಹೊಂದುವ ಆವರ್ತನ ಹೆಚ್ಚುಕಡಿಮೆ 1 ಮೆಗಾಹರ್ಟ್ಸ್ ಮೇಲಕ್ಕೆ ಸರಿಯುತ್ತದೆ.

ಎತ್ತರದ ಬಗ್ಗೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಹಿಡಿದು ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತ (ಅಡ್ಡಿಯಿಲ್ಲದೆ ಸಿಗ್ನಲ್ ಮುಟ್ಟುವ ದೂರ) ಕಿ.ಮೀ.ಗಳಲ್ಲಿ ಸಿಗುತ್ತದೆ. 9 ಮೀಟರಿಗೆ 12 ಕಿ.ಮೀ.; ಸುತ್ತಲಿನ ನೆಲಕ್ಕಿಂತ 400 ಮೀಟರ್ ಎತ್ತರದ ಗುಡ್ಡಕ್ಕೆ 82. ಕೂಡಿದರೆ 90 ದಾಟುತ್ತದೆ, 40 ಏನೂ ದೂರವಲ್ಲ. ನಡುವೆ ಬೇರೆ ಗುಡ್ಡ ಅಡ್ಡ ನಿಂತಿದ್ದರೆ ಮಾತ್ರ ಈ ಲೆಕ್ಕ ನಡೆಯದು. ಆಗ ಮೂರು ಕಡ್ಡಿಯ ಯಾಗಿ (ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ) ಕೊಳ್ಳುವುದಕ್ಕೆ ಅರ್ಥವಿದೆ. ಕಡ್ಡಿಗಳು ನೆಟ್ಟಗೆ ನಿಂತಿರಲಿ. ಹಳೆಯ ದೂರದರ್ಶನದ ಆಂಟೆನಾದಂತೆ ಮಲಗಿಸಿದರೆ ರಿಪೀಟರಿನ ಲಂಬ ಅಲೆಗೆ ಹೊಂದದೆ 20 ಡೆಸಿಬೆಲ್‌ವರೆಗೂ ಹೋಗುತ್ತದೆ. ಕಬ್ಬಿಣದ ಕಂಬ ಕಡ್ಡಿಗಳ ನಡುವೆ ಬಾರದಂತೆ ಹಿಂಬದಿಯಿಂದ ಹಿಡಿಸಿ.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮೊದಲೇ ಕಂಬಕ್ಕೆ ಅರ್ಥಿಂಗ್ ಕೊಟ್ಟು, ಅದನ್ನು ಮನೆಯ ಅರ್ಥಿಂಗಿಗೂ ಸೇರಿಸಿ. ಮೋಡ ಕವಿದ ಕೂಡಲೇ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕಿ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹ್ಯಾಂಡಿಯ ರಬ್ಬರ್ ಆಂಟೆನಾದಲ್ಲಿ ರಿಪೀಟರ್ ಸುಮಾರಾಗಿ ಕೇಳುತ್ತಿತ್ತು. ತಾರಸಿಗೆ ಆಂಟೆನಾ ಹಾಕಿದ ಮೇಲೆ ಹ್ಯಾಂಡಿಯ ಸಿಗ್ನಲ್ ಮೀಟರ್ ತುಂಬಿದ್ದರೂ ಮಾತು ಕೇಳದು. ಯಾಕೆ?

ಉತ್ತರ: ಆಂಟೆನಾ ಚೆನ್ನಾಗಿದೆ, ಹ್ಯಾಂಡಿಗೆ ಅದನ್ನು ತಾಳಿಕೊಳ್ಳುವ ಶಕ್ತಿಯಿಲ್ಲ. 101.3, 102.9ರಂಥ ಎಫ್ಎಂ ಕೇಂದ್ರಗಳ ಬಲವಾದ ಸಿಗ್ನಲ್ ಒಳಗೆ ನುಗ್ಗಿ ರಿಸೀವರನ್ನು ಕಿವುಡಾಗಿಸುತ್ತದೆ. ಖಚಿತ ಮಾಡಿಕೊಳ್ಳಲು 10 ಡೆಸಿಬೆಲ್ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಆಂಟೆನಾ ಮತ್ತು ಹ್ಯಾಂಡಿಯ ನಡುವೆ ಸೇರಿಸಿ, ಕೇಳುವುದಕ್ಕೆ ಮಾತ್ರ. ಸಿಗ್ನಲ್ ತಗ್ಗಿಸಿದಾಗ ಮಾತು ತಿಳಿಯಾದರೆ ಕಾರಣ ಇದೇ. 88ರಿಂದ 108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಹಾಕಿ. ಅದರ ಮೂಲಕವೇ ಪಿಟಿಟಿ ಒತ್ತುವುದಾದರೆ ಎಷ್ಟು ವಾಟ್ ತಡೆಯುತ್ತದೆ ಎಂದು ಮೊದಲು ನೋಡಿ. ತಿಳಿಯಾಗದಿದ್ದರೆ ಗದ್ದಲ ಮನೆಯೊಳಗಿನದೇ ಇರಬಹುದು; ಮನೆಯ ಎಲ್‌ಇಡಿ ಬಲ್ಬು, ಚಾರ್ಜರುಗಳನ್ನು ಒಂದೊಂದಾಗಿ ಆರಿಸುತ್ತಾ ಹೋಗಿ.