ಸ್ಟಾವಂಗರ್‌ಗೆ ಹೊರಟಿರುವ ದಾವಣಗೆರೆಯ ತಮ್ಮನಿಗೆ

ನಾರ್ವೆಯ ಸ್ಟಾವಂಗರ್‌ನಲ್ಲಿ ತೈಲದ ಪೈಪ್‌ಲೈನ್ ಕೆಲಸ ಸಿಕ್ಕಿದೆ, ಅಲ್ಲಿನ ಚಳಿಯನ್ನೂ ಕತ್ತಲೆಯನ್ನೂ ತಾಳಿಕೊಳ್ಳಬಹುದೇ ಎಂದು ಕೇಳಿದ್ದೀಯ. ತಾಳಿಕೊಳ್ಳಬಹುದು. ಡಿಸೆಂಬರ್‌ನಲ್ಲಿ ಹಗಲು ಆರು ಗಂಟೆ, ಮಳೆಗೆ ಬಿಡುವಿಲ್ಲ. ಮೊದಲ ವರ್ಷ ನನಗೂ ಕಷ್ಟವಾಯಿತು, ಆಮೇಲೆ ಒಗ್ಗಿತು. ಆದರೆ ಕೆಲಸ ಎಂಥದೆಂದು ನೀನು ಕೇಳಲೇ ಇಲ್ಲ. ನಾನು ಹೇಳಬೇಕಾದದ್ದು ಅದನ್ನೇ.

ಮಾಗಿಯಲ್ಲಿ ನಿಮ್ಮ ಮನೆಯ ಕೊಬ್ಬರಿ ಎಣ್ಣೆ ಶೀಶೆಯಲ್ಲೇ ಹೆಪ್ಪುಗಟ್ಟುತ್ತದೆ, ಅಮ್ಮ ಬಿಸಿಲಿಗಿಡುತ್ತಾರೆ. ಇಲ್ಲಿನ ಶೀಶೆ ಹತ್ತಾರು ಕಿಲೋಮೀಟರ್ ಉದ್ದ, ಬಿಸಿಲು ಕಾಣದ ಸಮುದ್ರದ ತಳದಲ್ಲಿದೆ. ಬಾವಿಯಿಂದ ಬಿಸಿಯಾಗಿ ಬಂದ ಕಚ್ಚಾತೈಲ 4 ಡಿಗ್ರಿಯ ಆಸುಪಾಸಿನ ನೀರಿನ ನಡುವೆ ತಣ್ಣಗಾಗುತ್ತಾ ಸಾಗುವಾಗ, ಅದರಲ್ಲಿ ಕರಗಿದ್ದ ಮೇಣ ಹರಳಾಗಿ ಕೊಳವೆಯ ಒಳಗೋಡೆಗೆ ಅಂಟುತ್ತದೆ. ಹರಿಯುತ್ತಿರುವಷ್ಟು ಹೊತ್ತು ಭಯ ಕಡಿಮೆ. ಪಂಪು ನಿಂತರೆ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಇಡೀ ತೈಲವೇ ಗಟ್ಟಿಯಾಗಬಹುದು. ನಿಂತ ಮೇಲೆ ಎಷ್ಟು ಗಂಟೆಯ ಅವಕಾಶವಿದೆ ಎಂಬ ಲೆಕ್ಕವೇ ನಿನ್ನ ನಿದ್ದೆಯನ್ನು ಕಾಯುವುದು, ಕೆಡಿಸುವುದು.

ಉಪಾಯಗಳಿವೆ: ದಪ್ಪ ಹೊದಿಕೆ, ಮೇಣ ಹೆಣೆದುಕೊಳ್ಳದಂತೆ ತಡೆಯುವ ರಾಸಾಯನಿಕ, ಕೊಳವೆಯ ಉಕ್ಕಿಗೇ ವಿದ್ಯುತ್ ಹಾಯಿಸಿ ಕಾಯಿಸುವುದು. ಈ ಕೊನೆಯದನ್ನು ನಾರ್ವೆಯ ಓಸ್ಗಾರ್ಡ್ ತೈಲಕ್ಷೇತ್ರದಲ್ಲಿ 2000ದಲ್ಲೇ ಅಳವಡಿಸಿದರು. ನಮ್ಮ ರಾಜಸ್ಥಾನದ ಮಂಗಳಾ ಕ್ಷೇತ್ರದ ತೈಲವೂ ಇದೇ ಮೇಣದ ಜಾತಿಯದು; ಬಾಡಮೇರ್‌ನಿಂದ ಗುಜರಾತಿಗೆ ನೆಲದ ಕೊಳವೆಯಲ್ಲಿ ಉದ್ದಕ್ಕೂ ಕಾಯಿಸುತ್ತಲೇ ತರುತ್ತಾರೆ.

ಇವೆಲ್ಲ ಇದ್ದರೂ ಆಗಾಗ ಪಿಗ್ ಓಡಿಸಲೇಬೇಕು. ತೈಲದ ಒತ್ತಡದಿಂದಲೇ ಸಾಗುತ್ತಾ ಗೋಡೆಯನ್ನು ಕೆರೆಯುವ ಬಿರಡೆಯಂಥ ಸಾಧನ ಅದು. ನನ್ನ ಎರಡನೆಯ ವರ್ಷ, ಇನ್ನೂ ಕೆಲವು ವಾರ ತಡೆಯಬಹುದೆಂದು ಲೆಕ್ಕ ಕೊಟ್ಟವನು ನಾನೇ. ತಡವಾಗಿ ಹೊರಟ ಪಿಗ್ ತಾನು ಕೆರೆದ ಮೇಣವನ್ನೇ ಮುಂದೆ ಗುಡ್ಡೆ ಹಾಕಿಕೊಂಡು ನಿಂತುಬಿಟ್ಟಿತು. ಒತ್ತಡವನ್ನು ಏರಿಸುತ್ತಾ ಇಳಿಸುತ್ತಾ ಮೂರು ದಿನ ಕಾದೆವು. ಕೊನೆಗೆ ಅದು ಬಂದು ಮುಟ್ಟಿ, ಕೊಳವೆಯ ತುದಿಯ ಬಾಗಿಲು ತೆರೆದಾಗ ಕಂಡ ಕಂದು ಮೇಣದ ರಾಶಿ ಈಗಲೂ ಕಣ್ಣಿಗೆ ಕಟ್ಟಿದೆ. ನನ್ನ ಲೆಕ್ಕದ ಹಾಳೆಯಲ್ಲಿ ಅದು ಬರೀ ಮಿಲಿಮೀಟರುಗಳಾಗಿತ್ತು.

ಆದ್ದರಿಂದ ಬಂದೊಡನೆ ಕಂಪ್ಯೂಟರಿನ ಮುಂದಷ್ಟೇ ಕೂರಿಸಿದರೆ ಒಪ್ಪಬೇಡ, ಸಮುದ್ರದ ಪಾಳಿಯನ್ನು ಕೇಳಿ ಪಡೆದುಕೋ. ಎರಡು ವಾರ ಕೆಲಸ, ನಾಲ್ಕು ವಾರ ಬಿಡುವು, ಊರಿಗೂ ಹೋಗಿಬರಬಹುದು. ಪಿಗ್ ಹೊರತೆಗೆಯುವಾಗ ಪಕ್ಕದಲ್ಲಿ ನಿಲ್ಲು.

ಹೊರಡುವ ಮುನ್ನ ಮಂಡಕ್ಕಿ ಭಟ್ಟಿಯಿಂದ ಒಂದು ಚೀಲ ತಂದು ಪೆಟ್ಟಿಗೆಗೆ ಸೇರಿಸು. ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ.